ಲಾರಿಗಿಂತ ಮುಂಚೆ ಹೊರಡುವ ಸಂದೇಶ

ತೆಲಂಗಾಣದ ತಾಂಡೂರಿನ ಹತ್ತಿರ ಕರಣಕೋಟದಲ್ಲಿ ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾದ ಕಾರ್ಖಾನೆಯಿದೆ. ಅಂಥ ಯಾವ ಕಾರ್ಖಾನೆಯಿಂದಲಾದರೂ 50 ಕಿಲೋದ 400 ಚೀಲ ಹೇರಿಕೊಂಡು ಲಾರಿಯೊಂದು ಗಡಿ ದಾಟಿ ಚಿಂಚೋಳಿಗೆ ಹೊರಟಿತೆನ್ನಿ. ಆರ್ಡರ್ ಬರೆದುಕೊಳ್ಳುವ ಸಾಫ್ಟ್‌ವೇರ್ ಒಂದು, ವೇಬ್ರಿಡ್ಜಿನದು ಇನ್ನೊಂದು, ಬಿಲ್ಲಿನದು ಮತ್ತೊಂದು. ಸರಕಿನ ಬೆಲೆ 50,000 ರೂಪಾಯಿ ಮೀರಿದ್ದರಿಂದ ಇ-ವೇ ಬಿಲ್ಲೂ ಬೇಕು. ಬೇರೆ ಬೇರೆಯವರು ಬೇರೆ ಬೇರೆ ಕಾಲದಲ್ಲಿ ಬರೆದ ಇವನ್ನೆಲ್ಲ ಮಾತಿಗೆ ಹಚ್ಚುವುದೇ ನನ್ನ ಕಸುಬು. ಇಷ್ಟು ವರ್ಷವಾದರೂ ಅದರ ರುಚಿ ಹೋಗಿಲ್ಲ.

ನೇರ ತಂತಿ ಎಳೆದರೆ ಒಂದು ಕೆಟ್ಟಾಗ ಎಲ್ಲವೂ ನಿಲ್ಲುತ್ತವೆ. ನಡುವೆ ಮೆಸೇಜ್ ಕ್ಯೂ, ಅಂದರೆ ಸಂದೇಶಗಳು ಸರದಿಯಲ್ಲಿ ಕಾಯುವ ಜಾಗ, ಇಟ್ಟರೆ ವೇಬ್ರಿಡ್ಜ್ ತನ್ನ ಸಂದೇಶ ಹಾಕಿ ಮುಂದಿನ ಲಾರಿ ಕರೆಯುತ್ತದೆ. ಬಿಲ್ಲಿನ ಸಾಫ್ಟ್‌ವೇರ್ ಎದ್ದಾಗ ಓದಿಕೊಳ್ಳುತ್ತದೆ.

ಸೊಗಸು ಇರುವುದು ತೊಡಕಿನಲ್ಲಿ. ಲಾರಿಯನ್ನು ಮೊದಲು ಖಾಲಿ ತೂಗುತ್ತಾರೆ, ಆಮೇಲೆ ತುಂಬಿಸಿ. ನೆಟ್‌ವರ್ಕ್ ಕೈಕೊಟ್ಟು ಎರಡನೆಯ ಸಂದೇಶ ಮೊದಲು ತಲುಪಿದರೆ ನಿವ್ವಳ ತೂಕ ಸೊನ್ನೆಗಿಂತ ಕೆಳಗಿಳಿಯುತ್ತದೆ! ಅದಕ್ಕೇ ಪ್ರತಿ ಸಂದೇಶಕ್ಕೂ ಟ್ರಿಪ್ಪಿನ ಗುರುತು, ಸರದಿ ಸಂಖ್ಯೆ ಅಂಟಿಸುತ್ತೇವೆ. ಮುಂಚೆ ಬಂದದ್ದನ್ನು ಅದರ ಹಿಂದಿನದು ಬರುವತನಕ ತಡೆದಿಡುತ್ತೇವೆ. ತಲುಪಿದ ಸುದ್ದಿ ದಾರಿಯಲ್ಲಿ ಕಳೆದುಹೋಗಿ ಅದೇ ಸಂದೇಶ ಎರಡು ಸಲ ಬಂದರೂ ಬಿಲ್ಲು ಒಂದೇ ಆಗಬೇಕು. ಅದು ಸರಿಯಾಗಿ ಕೂತಾಗ ಆಗುವ ಖುಷಿಯೇ ಬೇರೆ.

ಗ್ರೆಗರ್ ಹೋಪ್ ಮತ್ತು ಬಾಬಿ ವುಲ್ಫ್ 2003ರಲ್ಲಿ ಇಂಥ 65 ವಿನ್ಯಾಸಗಳಿಗೆ ಹೆಸರಿಟ್ಟು ಪುಸ್ತಕ ಬರೆದರು. ನಮ್ಮ ಕಸುಬಿನವರು ಇಂದಿಗೂ ಅವೇ ಹೆಸರುಗಳಲ್ಲಿ ಮಾತಾಡುತ್ತೇವೆ. 2011ರಲ್ಲಿ ಲಿಂಕ್ಡ್‌ಇನ್ ಕಾಫ್ಕಾ ಎಂಬ ತನ್ನ ಸಂದೇಶ ಸಾಗಿಸುವ ಸಾಫ್ಟ್‌ವೇರನ್ನು ಎಲ್ಲರಿಗೂ ಬಿಟ್ಟುಕೊಟ್ಟ ಮೇಲೆ ಎಲ್ಲರಿಗೂ ಅದೇ ಬೇಕು. ಆದರೆ ದಿನಕ್ಕೆ ಕೆಲವು ನೂರು ಲಾರಿ ಹೊರಡುವ ಕಡೆ ಇನ್ನೊಂದು ಕ್ಯೂ ಸಾಫ್ಟ್‌ವೇರ್ ಆದ ರ್‍ಯಾಬಿಟ್‌ಎಂಕ್ಯೂ ಧಾರಾಳವಾಗಿ ಸಾಕು ಎಂಬುದು ನನ್ನ ಅಭಿಪ್ರಾಯ.

ನನಗೆ ಎಲ್ಲಕ್ಕಿಂತ ಅಚ್ಚುಮೆಚ್ಚು ಡೆಡ್ ಲೆಟರ್ ಕ್ಯೂ. ಯಾರೂ ಒಪ್ಪಿಕೊಳ್ಳದ ಸಂದೇಶಗಳು ಅಲ್ಲಿ ಸೇರುತ್ತವೆ. 2024ರ ಮಾರ್ಚ್‌ನಲ್ಲಿ ತೆಲಂಗಾಣದ ಹೊಸ ಗಾಡಿಗಳ ನಂಬರು ಟಿಎಸ್ ಬಿಟ್ಟು ಟಿಜಿ ಎಂದು ಶುರುವಾಯಿತು. ಟಿಎಸ್ ಮಾತ್ರ ಬಲ್ಲ ಸಾಫ್ಟ್‌ವೇರ್ ಹೊಸ ಲಾರಿಯನ್ನು ಒಪ್ಪುವುದಿಲ್ಲ. ಆದರೆ ಆ ಸಂದೇಶ ಅಳಿಸಿಹೋಗದೆ ಅಲ್ಲಿ ಉಳಿದಿರುತ್ತದೆ, ತಿದ್ದಿ ಮತ್ತೆ ಕಳಿಸಬಹುದು. ನಿಮ್ಮಲ್ಲೂ ಇಂಥದೊಂದು ಕ್ಯೂ ಇದ್ದರೆ ದಿನಾ ಬೆಳಿಗ್ಗೆ ತೆರೆದು ನೋಡಿ. ಅಲ್ಲಿ ಬಿದ್ದಿರುವ ಪ್ರತಿ ಸಂದೇಶದ ಹಿಂದೆ ಗೇಟಿನಲ್ಲಿ ಕಾಯುತ್ತಿರುವ ಡ್ರೈವರ್ ಒಬ್ಬನಿರಬಹುದು.