ಮಗಳು ಏನು ಮಾಡುತ್ತಾಳೆ?

"ಹುಡುಗಿ ಏನು ಮಾಡತಾಳ್ರಿ?" ಎಂದು ಹೆಣ್ಣು ನೋಡಲು ಬಂದವರು ಕೇಳಿದ ಕೂಡಲೇ ನಾನು ಚಹಾದ ನೆವ ಮಾಡಿ ಅಡಿಗೆಮನೆಗೆ ಹೋಗಿಬಿಡುತ್ತೇನೆ. ಉತ್ತರ ಹೇಳುವ ಪಾಳಿ ನಮ್ಮ ಯಜಮಾನರದು. ಅವರು ಗಂಟಲು ಸರಿಮಾಡಿಕೊಂಡು, "ಬೆಂಗಳೂರಾಗ ರೆಕಾರ್ಡಿಂಗ್ ಎಂಜಿನಿಯರ್" ಎನ್ನುತ್ತಾರೆ. ಎಂಜಿನಿಯರ್ ಎಂಬ ಮಾತಿಗೆ ಬಂದವರ ಮುಖ ಅರಳುತ್ತದೆ. ಮೊದಲಿನ ಶಬ್ದ ಸಾವಕಾಶ ಒಳಗಿಳಿದ ಮೇಲೆ, "ಅಂದರ, ಹಾಡತಾಳೇನ್ರಿ?" ಎಂಬ ಎರಡನೆಯ ಪ್ರಶ್ನೆ. ಇಲ್ಲ, ಹಾಡುವವರ ದನಿ ಹಿಡಿಯುತ್ತಾಳೆ. ಎಂಥವರದು? ಗಿಟಾರು, ಡ್ರಮ್ಮು ಬಾರಿಸಿ ರಾಕ್ ಹಾಡುವ ಹುಡುಗರದು. ಅಲ್ಲಿಗೆ ಉಪ್ಪಿಟ್ಟು ತಣ್ಣಗಾಗುತ್ತದೆ. "ಊರಿಗೆ ಹೋಗಿ ತಿಳಸ್ತೀವ್ರಿ" ಎಂದು ಎದ್ದು ಹೋದವರು ಈವರೆಗೆ ಮೂರು ಮನೆಯವರು. ಅವರ ಊರುಗಳು ಬಹಳ ದೂರ ಇರಬೇಕು, ಇನ್ನೂ ಮುಟ್ಟಿಲ್ಲ.

ನಮಗಾದರೂ ಮೊದಲು ಏನು ತಿಳಿದಿತ್ತು? ಬಿ.ಇ. ಮುಗಿಸಿದ ಹುಡುಗಿ ಬಂದ ನೌಕರಿ ಬಿಟ್ಟು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಸಹಾಯಕಿಯಾಗಿ ಸೇರಿದಳು. ಮೊದಲ ವರ್ಷವೆಲ್ಲ ಅವಳ ಕೆಲಸ ಮೈಕಿನ ವಾಯರು ಸುತ್ತಿಡುವುದು. ಒಂದು ಸುತ್ತು ಮೇಲಿನಿಂದ, ಇನ್ನೊಂದು ಕೆಳಗಿನಿಂದ ಬರಬೇಕಂತೆ, ಇಲ್ಲದಿದ್ದರೆ ವಾಯರು ಒಳಗೊಳಗೇ ತಿರುಚಿ ಕೆಡುತ್ತದಂತೆ. ಮನೆಯಲ್ಲಿ ಉಣ್ಣೆಯ ಉಂಡೆ ಸುತ್ತಲು ಕರೆದರೆ ಓಡಿಹೋಗುತ್ತಿದ್ದವಳು ಇವಳೇ ಏನು ಎನಿಸಿತ್ತು.

ಎರಡನೆಯ ವರ್ಷ ಸ್ವಂತಕ್ಕೆ ಒಂದು ಒಳ್ಳೆಯ ಮೈಕು, ಹೆಡ್‌ಫೋನು, ಕಂಪ್ಯೂಟರು ಬೇಕೆಂದಳು. ಅವಳ ಮದುವೆಗೆಂದು ತೆಗೆದಿಟ್ಟಿದ್ದ ನನ್ನ ನಾಲ್ಕು ತೊಲೆಯ ಬಿಲ್ವಾರಗಳನ್ನು ನಾನು ಸದ್ದಿಲ್ಲದೆ ಮಾರಿದೆ. ಸದ್ದಿನ ಕೆಲಸಕ್ಕೆ ಸದ್ದಿಲ್ಲದೆ! ತಿಳಿದ ಮೇಲೆ ಯಜಮಾನರು ಆರು ತಿಂಗಳು ನನ್ನೊಂದಿಗೆ ನೆಟ್ಟಗೆ ಮಾತಾಡಲಿಲ್ಲ, ಅವಳೊಂದಿಗೆ ಒಂದು ವರ್ಷ.

ಆ ವರ್ಷ ಅವಳು ರಾತ್ರಿ ಫೋನಿನಲ್ಲಿ ನನಗೆ ಹೇಳಿದ ಕತೆಗಳೇ ಕತೆಗಳು. ಲಂಡನ್ನಿನಲ್ಲಿ ಜೆಫ್ ಎಮರಿಕ್ ಎಂಬ ಹುಡುಗನಿದ್ದನಂತೆ. 1966ರಲ್ಲಿ, ಬರೀ 20ನೆಯ ವಯಸ್ಸಿಗೆ, ಬೀಟಲ್ಸ್ ತಂಡದವರ 'ರಿವಾಲ್ವರ್' ರೆಕಾರ್ಡು ಮಾಡಲು ಕೂತ. ದೊಡ್ಡ ಡ್ರಮ್ಮಿನ ಸದ್ದು ಮೊಳಗಿ ಹರಡಿಹೋಗುತ್ತದೆಂದು ಅದರ ಹೊಟ್ಟೆಯಲ್ಲಿ ಒಂದು ಉಣ್ಣೆಯ ಸ್ವೆಟರ್ ತುರುಕಿ, ಮೈಕನ್ನು ತೀರ ಹತ್ತಿರ ಸರಿಸಿದ. ಅಷ್ಟು ಹತ್ತಿರ ಇಡಬಾರದೆಂದು ಆ ಸ್ಟುಡಿಯೋದ ಕಟ್ಟಳೆ. ಜಾನ್ ಲೆನನ್, ದಲಾಯಿ ಲಾಮಾ ಬೆಟ್ಟದ ತುದಿಯಿಂದ ಮಂತ್ರ ಹೇಳಿದಂತೆ ತನ್ನ ದನಿ ಕೇಳಬೇಕೆಂದಾಗ, ಆರ್ಗನ್ ವಾದ್ಯಕ್ಕೆ ಜೋಡಿಸುವ ತಿರುಗುವ ಸ್ಪೀಕರಿನ ಮೂಲಕ ಅವನ ದನಿ ಹಾಯಿಸಿದ. ಮರುವರ್ಷ 'ಸಾರ್ಜೆಂಟ್ ಪೆಪ್ಪರ್' ಮಾಡಿದ್ದು ನಾಲ್ಕೇ ಟ್ರ್ಯಾಕಿನ ಯಂತ್ರಗಳ ಮೇಲೆ. ನಾಲ್ಕು ತುಂಬಿದರೆ ಕೂಡಿಸಿ ಒಂದಾಗಿಸಿ, ಮತ್ತೆ ಮೇಲೆ ತುಂಬುವುದು. ಒಂದೇ ಒಲೆಯ ಮೇಲೆ ಹಬ್ಬದಡಿಗೆ ಮಾಡಿದವರಿಗೆ ಇದು ತಿಳಿಯದ ಮಾತಲ್ಲ.

"ಹಂಗಾರ ಪ್ರೊಡ್ಯೂಸರ್ ಅಂದರ ರೊಕ್ಕ ಹಾಕಾಂವ?" ಎಂದೆ. ಸಿನಿಮಾದಲ್ಲಿ ಹಾಗೆ, ಹಾಡಿನಲ್ಲಿ ಹಾಗಲ್ಲವಂತೆ. ಏನಡಿಗೆ, ಯಾವುದಕ್ಕೆ ಎಷ್ಟು ಉಪ್ಪು, ಯಾವುದು ಬೇಡ ಎಂದು ಹೇಳುವವನು ಅವನು. ಬೀಟಲ್ಸಿಗೆ ಜಾರ್ಜ್ ಮಾರ್ಟಿನ್ ಇದ್ದ ಹಾಗೆ. ನಮ್ಮ ಮಗಳು ಎರಡೂ ಮಾಡುತ್ತಾಳೆ. ಹುಡುಗರ ಹತ್ತಿರ ಇಬ್ಬರಿಗೆ ಕೊಡುವಷ್ಟು ದುಡ್ಡಿರುವುದಿಲ್ಲ.

ನಮ್ಮಲ್ಲೇ ನೋಡಿ, ಕನ್ನಡ ಸಿನಿಮಾದ ಹಾಡು ಹಿಡಿಯಲು ಮದರಾಸಿಗೆ ಹೋಗಬೇಕಿತ್ತು. ಎಂಬತ್ತರ ದಶಕದಲ್ಲಿ ಶಂಕರ್‌ನಾಗ್ ಬೆಂಗಳೂರಿನಲ್ಲಿ 'ಸಂಕೇತ್' ಸ್ಟುಡಿಯೋ ಕಟ್ಟಿದರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿ ಅವರು ತೀರಿಕೊಂಡಾಗ ನಾವೆಲ್ಲ ನಟನಿಗಾಗಿ ಅತ್ತೆವು, ಸ್ಟುಡಿಯೋದ ನೆನಪು ಯಾರಿಗಿತ್ತು? ಮೈಸೂರು ಅನಂತಸ್ವಾಮಿಯವರ 1978ರ 'ನಿತ್ಯೋತ್ಸವ' ಕ್ಯಾಸೆಟ್ ನಮ್ಮ ಮನೆಯಲ್ಲಿ ಸವೆದು ಸವೆದು ಪೆನ್ಸಿಲ್ಲಿಗೆ ಸುತ್ತಿಕೊಂಡಿತ್ತು. ಆ ದನಿ ಹಿಡಿದ ಕೈ ಯಾರದೆಂದು ಒಂದು ದಿನ ಕೇಳಿದವಳಲ್ಲ ನಾನು.

ಕಳೆದ ಚಳಿಗಾಲದಲ್ಲಿ ಮಗಳು ಮೈಕು ಹೊತ್ತು ಬಂದಳು. ಯಾವುದೋ ತಂಡದ ಹಾಡಿಗೆ ಬೀಸುಕಲ್ಲಿನ ಸದ್ದು ಬೇಕಂತೆ. ನಾವಿರುವುದು ಸಿಂದಗಿಯಲ್ಲಿ, ಅತ್ತೆಯವರು ಯಂಕಂಚಿಯ ಹಳೆಯ ಮಣ್ಣಿನ ಮನೆಯಲ್ಲೇ ಇದ್ದಾರೆ. ಆ ಗೋಡೆಗಳನ್ನು ತಟ್ಟಿ ನೋಡಿ, "ಇಂಥ ಖೋಲಿ ಬೆಂಗಳೂರಾಗ ಲಕ್ಷ ಕೊಟ್ಟರೂ ಸಿಗೂದಿಲ್ಲ" ಎಂದಳು. ಸಿಮೆಂಟಿನ ಮನೆ ದನಿಯನ್ನು ತಿರುಗಿ ಒಗೆಯುತ್ತದೆ, ಮಣ್ಣಿನ ಗೋಡೆ ಕುಡಿಯುತ್ತದೆ. ಬಾಗಿಲಿಗೆ ಕೌದಿ ಕಟ್ಟಿದಳು. ಕರೆಂಟು ಹೋಯಿತೆಂದು ನಾನು ಬೈದರೆ ಅವಳು ಕುಣಿದಳು, 50 ಹರ್ಟ್ಸಿನ ಗುಂಯ್‌ಗುಡುವಿಕೆ ತಪ್ಪಿತೆಂದು.

ಅತ್ತೆ ಬೀಸುತ್ತ ಎರಡು ನುಡಿ ಹಾಡಿದರು. ಮಗಳು ಹೆಡ್‌ಫೋನು ಒತ್ತಿ ಹಿಡಿದು, ಕಣ್ಣು ಮುಚ್ಚಿ ಕೂತವಳು ಫಕ್ಕನೆ ಕೈ ಎತ್ತಿದಳು. ಮೈಕನ್ನು ಅಜ್ಜಿಯ ಎದೆಯ ಹತ್ತಿರ ಒಯ್ದು ಮತ್ತೆ ಹಾಡಿಸಿದಳು. ಆಮೇಲೆ ಹಿತ್ತಲಿಗೆ ಕರೆದು, "ಅವ್ವಾ, ಅಜ್ಜಿ ಉಸಿರಿನಾಗ ನೀರು ಕುದ್ದಂಗ ಸಪ್ಪಳ ಬರತೈತಿ" ಎಂದಳು. ವಾರಕ್ಕೊಮ್ಮೆ ಅವರೊಂದಿಗೆ ಕೂತು ಉಣ್ಣುವ ನನಗೆ ಅದು ಕೇಳಿಸಿರಲಿಲ್ಲ. ಅವರ ಮಗನಿಗೂ ಕೇಳಿಸಿರಲಿಲ್ಲ. ಮರುದಿನವೇ ವಿಜಯಪುರಕ್ಕೆ ಒಯ್ದೆವು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬುತ್ತಿತ್ತು. ಎಂಟು ದಿನ ಆಸ್ಪತ್ರೆ, ಮುಂದೆ ದಿನಾ ಗುಳಿಗೆ, ಬೀಸುವುದು ಬಂದ್.

ಯಜಮಾನರು ಏನೂ ಅನ್ನಲಿಲ್ಲ. ಒಂದು ಸಂಜೆ ಆ ಹೆಡ್‌ಫೋನು ಕಿವಿಗಿಟ್ಟುಕೊಂಡು ತಮ್ಮ ಅವ್ವನ ಹಾಡು ಕೇಳುತ್ತ ಬಹಳ ಹೊತ್ತು ಕೂತರು. ತೆಗೆದಿಟ್ಟು, "ಬಿಲ್ವಾರ ಎಷ್ಟಕ್ಕ ಹೋಗಿದ್ವು?" ಎಂದರು. ಹೇಳಿದೆ. "ಕಡಿಮಿಗೆ ಕೊಟ್ಟೀ" ಎಂದರು.

ಹಾಡು ತಯಾರಾಗಿ ಬಂತು. ಗಿಟಾರಿನ ಆರ್ಭಟದ ನಡುವೆ ಬೀಸುಕಲ್ಲು ಒಂದಿಷ್ಟು ಹೊತ್ತು ತಿರುಗುತ್ತದೆ. ಮೊಮ್ಮಗಳು ಹಿಗ್ಗಿನಿಂದ ಅಜ್ಜಿಗೆ ಕೇಳಿಸಿದಳು. ಅತ್ತೆ ಮುಖ ಕಿವುಚಿದರು.

"ಕಲ್ಲು ಖಾಲಿ ತಿರಗಾಕ ಹತ್ತೇತಲ್ಲ. ನಾ ಜ್ವಾಳ ಹಾಕಿದ್ನೆಲ್ಲ, ಎಲ್ಲಿ ಹೋತು?"

ಮಗಳು ಪೆಚ್ಚಾದಳು. ಗಿಟಾರಿಗೆ ಜಾಗ ಬಿಡಲೆಂದು ಆ ಸದ್ದಿನ ಮೇಲಿನ ಸಣ್ಣ ಕರಕರವನ್ನೆಲ್ಲ ಅವಳೇ ಸೋಸಿ ತೆಗೆದಿದ್ದಳಂತೆ. ಆ ರಾತ್ರಿ ನಾನು ನೀರು ಕುಡಿಯಲು ಎದ್ದಾಗ ಎರಡು ಗಂಟೆ. ಅವಳು ಇನ್ನೂ ಕಂಪ್ಯೂಟರಿನ ಮುಂದಿದ್ದಳು, ಫೋನಿನಲ್ಲಿ ಬೆಂಗಳೂರಿನ ಯಾರನ್ನೋ ಗದರಿಸುತ್ತಿದ್ದಳು: "ನಿನ್ನ ಗಿಟಾರ್ ಇಳಿಸ್ತೀನಿ. ಜೋಳ ಕೇಳಿಸಬೇಕು."