ಕಟ್ಟಿದ್ದನ್ನು ಬಿಚ್ಚಿದ ಊರು: ಓಕ್ ರಿಜ್

ಹೊಳೆಗೂ ವಿದ್ಯುತ್ತಿಗೂ ಇರುವ ನಂಟನ್ನು ಕೊಳ್ಳೇಗಾಲದ ಸೀಮೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಶಿವನಸಮುದ್ರದಲ್ಲಿ ಕಾವೇರಿಯು ಕವಲೊಡೆದು, ಆಚೆ ಗಗನಚುಕ್ಕಿಯಾಗಿಯೂ ನಮ್ಮ ಕಡೆಗೆ ಭರಚುಕ್ಕಿಯಾಗಿಯೂ ಧುಮುಕುತ್ತಾಳೆ. ಅಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹರಿದದ್ದು ಸುತ್ತಮುತ್ತಲಿನ ಹಳ್ಳಿಗಳಿಗಲ್ಲ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಆ ಗಣಿಗಳು 2001ರಲ್ಲಿ ಮುಚ್ಚಿದವು. ಚಿನ್ನವೆಲ್ಲ ಹೊರಟುಹೋಯಿತು, ಅದಿರನ್ನು ಅರೆದು, ಸೈನೈಡಿನಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಮಣ್ಣು ಮಾತ್ರ ಬೆಟ್ಟದಂತಹ ದಿಬ್ಬಗಳಾಗಿ ಆ ಊರಿನಲ್ಲಿಯೇ ನಿಂತಿತು. ಕಟ್ಟುವ ಕಾಲಕ್ಕೆ ಎಲ್ಲರೂ ಬರುತ್ತಾರೆ. ಮುಗಿದ ಮೇಲೆ ಅಂಗಳ ಗುಡಿಸುವವರು ಯಾರು ಎಂಬ ಪ್ರಶ್ನೆಯನ್ನು ಆ ದಿಬ್ಬಗಳು ಕೇಳುತ್ತಲೇ ಇವೆ.

ಅಮೆರಿಕದ ಟೆನೆಸೀ ರಾಜ್ಯದ ನಾಕ್ಸ್‌ವಿಲ್ ನಗರದಲ್ಲಿ ಬಂಧುಗಳ ಮನೆಯಲ್ಲಿದ್ದಾಗ, ಸುಮಾರು 40 ಕಿಲೋಮೀಟರ್ ದೂರದ ಓಕ್ ರಿಜ್ ಎಂಬ ಊರನ್ನು ನೋಡಿಬರಲು ಹೊರಟದ್ದು ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಅಲ್ಲಿ ಒಂದು ಕಾಲಕ್ಕೆ ಪ್ರಪಂಚದಲ್ಲಿಯೇ ಅತಿ ದೊಡ್ಡದೆನಿಸಿದ್ದ ಯುರೇನಿಯಂ ಪುಷ್ಟೀಕರಣ ಕಾರ್ಖಾನೆಯಿತ್ತು. ಈಗ ಅದಿಲ್ಲ. ಅದನ್ನು ಬಿಚ್ಚಿ, ಕೆಡವಿ, ನೆಲವನ್ನು ಶುಚಿಗೊಳಿಸಿದ್ದಾರೆ. ಇಲ್ಲದಿರುವ ಕಟ್ಟಡವನ್ನು ನೋಡಲು ಅಷ್ಟು ದೂರ ಹೋಗುವುದೇಕೆಂದು ಕೆಲವರು ನಕ್ಕರು. ಆದರೆ ನಮಗೆ ಅದು ದೂರದ ವಿಷಯವಲ್ಲ. ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಒಂದೆರಡು ಗಂಟೆಗಳಲ್ಲಿ ತಲುಪುವ ಮೈಸೂರಿನ ಸಮೀಪ, ರಟ್ಟೆಹಳ್ಳಿಯಲ್ಲಿ ಅಣುಶಕ್ತಿ ಇಲಾಖೆಯ ಇಂತಹದೇ ಒಂದು ಕಾರ್ಖಾನೆಯಿದೆ. ಚಳ್ಳಕೆರೆಯ ಬಳಿ ಉಳ್ಳಾರ್ತಿ ಕಾವಲಿನಲ್ಲಿ, ದನಕುರಿಗಳು ಮೇಯುತ್ತಿದ್ದ ಹುಲ್ಲುಗಾವಲಿನ 1,810 ಎಕರೆಯನ್ನು ಇದೇ ಬಗೆಯ ಕೆಲಸಕ್ಕಾಗಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ನೀಡಲಾಗಿದೆ.

ಜರಡಿ ಹಿಡಿಯುವ ಕೆಲಸ

ಪುಷ್ಟೀಕರಣವೆಂದರೇನು? ನೆಲದಿಂದ ತೆಗೆದ ಯುರೇನಿಯಂನ ಸಾವಿರ ಪರಮಾಣುಗಳಲ್ಲಿ ಸುಮಾರು 7 ಮಾತ್ರ 235 ತೂಕದವು. ಉಳಿದವುಗಳಲ್ಲಿ ಬಹುಪಾಲು 238 ತೂಕದವು. ಅಣುಶಕ್ತಿಗೆ ಒದಗುವುದು ಮುಖ್ಯವಾಗಿ ಆ ಹಗುರವಾದ ಏಳು. ಅವುಗಳ ಪ್ರಮಾಣವನ್ನು ಹೆಚ್ಚಿಸುವುದೇ ಪುಷ್ಟೀಕರಣ. ಓಕ್ ರಿಜ್‌ನಲ್ಲಿ ಯುರೇನಿಯಂ ಅನ್ನು ಫ್ಲೋರಿನ್ನಿನೊಡನೆ ಸೇರಿಸಿ ಅನಿಲವಾಗಿಸಿ, ಅತಿ ಸೂಕ್ಷ್ಮ ರಂಧ್ರಗಳುಳ್ಳ ತೆರೆಯ ಮೂಲಕ ಹಾಯಿಸುತ್ತಿದ್ದರು. ಹಗುರವಾದದ್ದು ಕೂದಲೆಳೆಯಷ್ಟು ಬೇಗ ದಾಟುತ್ತದೆ. ಒಂದು ಸಲ ಜರಡಿ ಹಿಡಿದರೆ ಸಿಗುವ ಲಾಭ ಅತ್ಯಲ್ಪ. ಆದುದರಿಂದ ಒಂದರ ಮುಂದೊಂದರಂತೆ ಸುಮಾರು 3,000 ಹಂತಗಳನ್ನು ಜೋಡಿಸಿದ್ದರು.

ಇಷ್ಟನ್ನೂ ಒಳಗೊಂಡ ಕಟ್ಟಡಕ್ಕೆ ಕೆ-25 ಎಂಬ ಗುಪ್ತ ಹೆಸರು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಕೆಲಸ ಆರಂಭವಾಯಿತು. ಒಂದು ಮಗ್ಗುಲು ತೆರೆದ ತೊಟ್ಟಿಮನೆಯನ್ನು ಕಲ್ಪಿಸಿಕೊಳ್ಳಿರಿ. ಅದರ ಒಂದೊಂದು ತೋಳೂ ಅರ್ಧ ಮೈಲಿ ಉದ್ದ, ನಾಲ್ಕು ಅಂತಸ್ತಿನ ಎತ್ತರ, ತಳದ ವಿಸ್ತಾರ ಸುಮಾರು 44 ಎಕರೆ. ವೆಚ್ಚವಾದದ್ದು 50 ಕೋಟಿ ಡಾಲರಿಗೂ ಹೆಚ್ಚು. ಅಲ್ಲಿ ದುಡಿದ ಸಾವಿರಾರು ಜನರಲ್ಲಿ ಬಹುಪಾಲು ಮಂದಿಗೆ ತಾವು ಮಾಡುತ್ತಿರುವುದೇನೆಂದೇ ತಿಳಿದಿರಲಿಲ್ಲ. ಕೆ-25ರಲ್ಲಿ ಸ್ವಲ್ಪಮಟ್ಟಿಗೆ ಪುಷ್ಟಿಗೊಂಡ ಯುರೇನಿಯಂ ಅದೇ ಊರಿನ ವೈ-12 ಕಾರ್ಖಾನೆಗೆ ಹೋಗಿ, ಅಲ್ಲಿಂದ ಮುಂದೆ 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಬಿದ್ದ ಬಾಂಬಿನಲ್ಲಿ ಸೇರಿತು. ಕೆ-25 ಕಟ್ಟಡವು 1964ರವರೆಗೆ ನಡೆಯಿತು. ಪಕ್ಕದ ಕಟ್ಟಡಗಳಲ್ಲಿ ಅಣು ವಿದ್ಯುತ್ ಸ್ಥಾವರಗಳಿಗಾಗಿ 1985ರವರೆಗೂ ಪುಷ್ಟೀಕರಣ ಮುಂದುವರಿದು, 1987ರಲ್ಲಿ ಎಲ್ಲವನ್ನೂ ಶಾಶ್ವತವಾಗಿ ನಿಲ್ಲಿಸಲಾಯಿತು.

ಉಳಿದ ಒಂದು ಗುಡಿ

ಕಾರ್ಖಾನೆಯ ನೆಲವನ್ನು ಸಮೀಪಿಸುವಾಗ ರಸ್ತೆಯ ಬದಿಯ ಗುಡ್ಡದ ಮೇಲೆ ಒಂದು ಹಳೆಯ ಚರ್ಚು ಕಾಣಿಸುತ್ತದೆ. ಸುತ್ತ ಸಮಾಧಿಗಳಿವೆ, ಊರಿಲ್ಲ. ಆ ಊರಿನ ಹೆಸರು ವೀಟ್, ಅಂದರೆ ಗೋಧಿ. 1942ರಲ್ಲಿ ಸರ್ಕಾರವು ಇಲ್ಲಿ ಸುಮಾರು 59,000 ಎಕರೆಯನ್ನು ವಶಪಡಿಸಿಕೊಂಡಾಗ ವೀಟ್ ಮುಂತಾದ ಹಳ್ಳಿಗಳ ಸುಮಾರು 3,000 ಜನ ಮನೆಮಠ ಬಿಟ್ಟು ಹೊರಟರು. ಕೆಲವರಿಗೆ ದೊರೆತ ಗಡುವು ಕೆಲವೇ ವಾರಗಳು. ಕಾರಣವನ್ನು ಯಾರೂ ತಿಳಿಸಲಿಲ್ಲ. ಆ ಜನರೂ ಅವರ ಮಕ್ಕಳು ಮೊಮ್ಮಕ್ಕಳೂ ವರ್ಷಕ್ಕೊಮ್ಮೆ ಆ ಚರ್ಚಿನಲ್ಲಿ ಸೇರುವ ಪದ್ಧತಿಯನ್ನು ಉಳಿಸಿಕೊಂಡು ಬಂದಿದ್ದಾರೆ. ಊರು ಹೋದರೂ ಗುಡಿ ಉಳಿದರೆ ಜನ ತಮ್ಮ ಬೇರನ್ನು ಮರೆಯಲಾರರು ಎಂಬುದು, ಹಿರಿಯರ ಗದ್ದುಗೆಗೆ ಎಲ್ಲಿದ್ದರೂ ಬಂದು ಸೇರುವ ನಮ್ಮವರಿಗೆ ಸುಲಭವಾಗಿ ಅರ್ಥವಾಗುವ ಮಾತು.

ಹತ್ತಿರದಲ್ಲೇ ಆಫ್ರಿಕನ್ ಮೂಲದ ಗುಲಾಮರದೆಂದು ನಂಬಲಾದ ಹಳೆಯ ಸ್ಮಶಾನವೂ ಇದೆ. ಅಲ್ಲಿಯ ಸಮಾಧಿಗಳ ಮೇಲೆ ಹೆಸರುಗಳಿಲ್ಲ.

ಬಿಚ್ಚುವುದು ಎಷ್ಟು ಕಷ್ಟ

ಮನೆಯನ್ನು ಕೆಡವುವಂತೆ ಈ ಕಟ್ಟಡವನ್ನು ಕೆಡವಲಾಗದು. ದಶಕಗಳ ಕಾಲ ಯುರೇನಿಯಂ ಅನಿಲ ಹರಿದ ಕೊಳವೆಗಳಲ್ಲಿ, ತೇವಾಂಶ ಸೋಕಿದೆಡೆಯಲ್ಲೆಲ್ಲ ಅದು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಪುಷ್ಟಿಗೊಂಡ ಯುರೇನಿಯಂ ಒಂದೆಡೆ ಅತಿಯಾಗಿ ಶೇಖರವಾದರೆ ತಾನಾಗಿಯೇ ಅಣುಕ್ರಿಯೆ ಆರಂಭವಾಗುವ ಅಪಾಯವಿರುವುದರಿಂದ, ಕೊಳವೆಗಳನ್ನೂ ಯಂತ್ರಗಳನ್ನೂ ಹೊರಗಿನಿಂದಲೇ ಉಪಕರಣಗಳಿಂದ ಅಳೆದು, ಒಳಗಿರುವುದೆಷ್ಟೆಂದು ಲೆಕ್ಕ ಹಾಕಿ, ಹೆಚ್ಚು ಇರುವ ಭಾಗಗಳನ್ನು ಮೊದಲು ಕತ್ತರಿಸಿ ತೆಗೆಯಬೇಕಾಯಿತು. ಕೆಲವು ಯಂತ್ರಗಳೊಳಗೆ ನೊರೆಯಂತಹ ಪದಾರ್ಥವನ್ನು ತುಂಬಿ, ಅಂಟಿದ್ದುದು ಕದಲದಂತೆ ಹಿಡಿದು ನಿಲ್ಲಿಸಿದರು.

ಅಷ್ಟು ಹೊತ್ತಿಗೆ ಕಟ್ಟಡವೇ ಶಿಥಿಲವಾಗಿತ್ತು. ಸೂರು ಸೋರುತ್ತಿತ್ತು; ನೆಲ ಕೊಳೆತಿತ್ತು. 2006ರ ಜನವರಿಯಲ್ಲಿ ಕೆಲಸಗಾರನೊಬ್ಬನು ಮಹಡಿಯ ನೆಲ ಕುಸಿದು ಸುಮಾರು 30 ಅಡಿ ಕೆಳಕ್ಕೆ ಬಿದ್ದು ಗಾಯಗೊಂಡನು. ಆ ಬಳಿಕ ಕೆಡವುವ ಕ್ರಮವನ್ನೇ ಬದಲಾಯಿಸಿ, ಜನರು ಆ ನೆಲದ ಮೇಲೆ ಓಡಾಡುವುದನ್ನು ಆದಷ್ಟೂ ಕಡಿಮೆ ಮಾಡಿದರು. 2008ರ ಡಿಸೆಂಬರಿನಲ್ಲಿ ಕೆಡವಲು ಆರಂಭಿಸಿ, 2013ರ ಡಿಸೆಂಬರಿನಲ್ಲಿ ಮುಗಿಸಿದರು. ಯುದ್ಧದ ಅವಸರದಲ್ಲಿ ಎರಡು ವರ್ಷಗಳೊಳಗೆ ಎದ್ದ ಕಟ್ಟಡವನ್ನು ಕೆಡವುವುದಕ್ಕೇ ಐದು ವರ್ಷ ಹಿಡಿಯಿತು. ಸಿದ್ಧತೆಯ ವರ್ಷಗಳು ಬೇರೆ.

ಪೂರ್ವದ ತೋಳಿನ ಒಂದು ಭಾಗವಂತೂ ಬಹಳ ಕಾಡಿತು. ಅಲ್ಲಿ ಟೆಕ್ನೀಶಿಯಂ-99 ಎಂಬ ವಿಕಿರಣ ಧಾತು ಸೇರಿಕೊಂಡಿತ್ತು. ರಿಯಾಕ್ಟರಿನಲ್ಲಿ ಒಮ್ಮೆ ಉರಿದ ಯುರೇನಿಯಂ ಅನ್ನು ಮತ್ತೆ ಬಳಸಿದ್ದರ ಫಲವಿದು. ಅದು ನೀರಿನೊಡನೆ ಸಲೀಸಾಗಿ ಹರಿಯುತ್ತದೆ. ಅದರ ಶಕ್ತಿ ಅರ್ಧಕ್ಕಿಳಿಯಲು 2,11,000 ವರ್ಷಗಳು ಬೇಕು. ನಮ್ಮ ಅತಿ ಪುರಾತನ ಶಾಸನದ ಆಯುಷ್ಯವೂ ಇದರ ಮುಂದೆ ಒಂದು ದಿನದಷ್ಟಿಲ್ಲ.

ಉಳಿದ ಕಟ್ಟಡಗಳನ್ನೂ ಒಂದೊಂದಾಗಿ ಕೆಡವಿ, 2016ರಲ್ಲಿ ಕೆ-27 ಎಂಬ ಕೊನೆಯ ಪುಷ್ಟೀಕರಣ ಕಟ್ಟಡವನ್ನು ನೆಲಸಮ ಮಾಡಿದರು. 2020ರ ಅಕ್ಟೋಬರ್ ಹೊತ್ತಿಗೆ ಚಿಕ್ಕದು ದೊಡ್ಡದು ಸೇರಿ ಸುಮಾರು 500 ಕಟ್ಟಡಗಳು ಮಾಯವಾಗಿದ್ದವು. ಅನಂತರ ಮಣ್ಣನ್ನು ಅಗೆದು ತೆಗೆಯುವ ಕಾರ್ಯ ನಡೆದು, ಅದರ ಮುಖ್ಯ ಭಾಗ 2024ರಲ್ಲಿ ಮುಗಿಯಿತು. ನೆಲದಡಿಯ ನೀರಿನ ಕೆಲಸ ಅದರೊಡನೆ ಮುಗಿಯುವಂತಹುದಲ್ಲ.

ಕಸ ಎಲ್ಲಿ ಹೋಯಿತು?

ಓದುಗರು ಇಲ್ಲಿ ಕೇಳಬೇಕಾದ ಪ್ರಶ್ನೆ ಇದೇ. ಕಸವು ಎಲ್ಲಿಯೂ ಮಾಯವಾಗಲಿಲ್ಲ. ಅದರ ಬಹುಭಾಗವನ್ನು ಕೆಲವು ಮೈಲಿ ಆಚೆಗೆ, ಓಕ್ ರಿಜ್‌ನದೇ ಸರ್ಕಾರಿ ಜಮೀನಿನಲ್ಲಿ 2002ರಲ್ಲಿ ತೆರೆದ ಒಂದು ಸುಭದ್ರ ಹೂಳುನೆಲಕ್ಕೆ ಲಾರಿಗಳಲ್ಲಿ ಸಾಗಿಸಿದರು. ತಳಕ್ಕೆ ಜೇಡಿಮಣ್ಣು ಮತ್ತು ಕೃತಕ ಹಾಳೆಗಳ ಪದರಗಳನ್ನು ಹಾಸಿ, ಒಸರುವ ನೀರನ್ನು ಹಿಡಿದು ಶುದ್ಧಗೊಳಿಸುವ ಏರ್ಪಾಡು ಅಲ್ಲಿದೆ. ಹೆಚ್ಚು ಅಪಾಯಕರವಾದದ್ದು ದೂರದ ನೆವಾಡಾ ಮರುಭೂಮಿಯ ಪಾಲಾಯಿತು. ಶುಚಿ ಮಾಡುವುದೆಂದರೆ ವಿಷವನ್ನು ಅಳಿಸುವುದಲ್ಲ. ಅದನ್ನು ಗುರುತಿಸಿ, ಕಟ್ಟಿಹಾಕಿ, ತಲೆಮಾರುಗಳ ಕಾಲ ಕಾವಲಿರುವುದು.

ದುಡಿದವರ ದೇಹದಲ್ಲಿ ಉಳಿದದ್ದನ್ನು ಯಾವ ಲಾರಿಯೂ ಸಾಗಿಸಲಾರದು. ಕಾಯಿಲೆ ಬಿದ್ದ ಕೆಲಸಗಾರರು ತಮ್ಮ ರೋಗಕ್ಕೂ ಕೆಲಸಕ್ಕೂ ಇರುವ ಸಂಬಂಧವನ್ನು ತೋರಿಸಲು ವರ್ಷಗಟ್ಟಲೆ ಅಲೆದ ಮೇಲೆ, 2000ದಲ್ಲಿ ಅಮೆರಿಕದ ಸಂಸತ್ತು ಪರಿಹಾರದ ಕಾನೂನೊಂದನ್ನು ಮಾಡಿತು. ಅದರಂತೆ, 1992ರ ಫೆಬ್ರವರಿಗೆ ಮುಂಚೆ ಈ ಕಾರ್ಖಾನೆಯಲ್ಲಿ ವಿಕಿರಣದ ನಡುವೆ 250 ದಿನ ದುಡಿದು, ಗೊತ್ತುಪಡಿಸಿದ ಕ್ಯಾನ್ಸರುಗಳಿಗೆ ಈಡಾದವರು ತಮಗೆ ತಗುಲಿದ ವಿಕಿರಣದ ಪ್ರಮಾಣವನ್ನು ಸಾಬೀತುಪಡಿಸದೆಯೇ 1,50,000 ಡಾಲರ್ ಪಡೆಯಬಹುದು. ಅದು ಬರುವ ಹೊತ್ತಿಗೆ ಕಾರ್ಖಾನೆ ಮುಚ್ಚಿ 13 ವರ್ಷಗಳಾಗಿದ್ದವು.

ನಮ್ಮ ಪಾಲಿನ ಮಾತು

ಕಟ್ಟಡ ನಿಂತಿದ್ದ ಸ್ಥಳದ ಪಕ್ಕದಲ್ಲಿ 2020ರಲ್ಲಿ ತೆರೆದ ಚಿಕ್ಕ ವಸ್ತುಸಂಗ್ರಹಾಲಯವಿದೆ. ಹೊರಗೆ ಬಂದು ನಿಂತರೆ ಕಾಣುವುದು ಬಯಲು ಮಾತ್ರ. ಆಚೆಗೆ ಕ್ಲಿಂಚ್ ನದಿಯ ಕಣಿವೆ. ಆ ಬಯಲು ಬರಿದಾಗಿ ಉಳಿಯುವುದಿಲ್ಲ. ಶುಚಿಯಾದ ನೆಲವನ್ನು ಉದ್ಯಮಗಳಿಗೆ ಕೊಡುತ್ತಿದ್ದಾರೆ. 2024ರಲ್ಲಿ ಕೆ-33 ಕಟ್ಟಡವಿದ್ದ ಜಾಗದಲ್ಲಿ ಹೊಸ ಬಗೆಯ ರಿಯಾಕ್ಟರಿಗೆ ಕೆಲಸ ಆರಂಭವಾಯಿತು. ಅದೇ ವರ್ಷ ಫ್ರಾನ್ಸಿನ ಒರಾನೋ ಸಂಸ್ಥೆಯು ಓಕ್ ರಿಜ್‌ನಲ್ಲಿಯೇ ಹೊಸ ಪುಷ್ಟೀಕರಣ ಕಾರ್ಖಾನೆಯನ್ನು ಕಟ್ಟುವ ಯೋಜನೆಯನ್ನು ಪ್ರಕಟಿಸಿತು. ಹಳೆಯದನ್ನು ಗುಡಿಸಿದ ಊರೇ ಹೊಸದಕ್ಕೆ ಮಣೆ ಹಾಕುತ್ತಿದೆ.

ಇದರಲ್ಲಿ ತಪ್ಪು ಒಪ್ಪುಗಳನ್ನು ತೂಗುವುದು ಈ ಲೇಖನದ ಉದ್ದೇಶವಲ್ಲ. ದೇಶಕ್ಕೆ ವಿದ್ಯುತ್ತು ಬೇಕು, ರಕ್ಷಣೆ ಬೇಕು ಎಂಬುದನ್ನು ಅಲ್ಲಗಳೆಯುವವರು ವಿರಳ. ನಮ್ಮ ದೇಶದಲ್ಲಿಯೂ ಅಣು ವಿದ್ಯುತ್ ಸ್ಥಾವರಗಳನ್ನು ಮುಂದೊಮ್ಮೆ ಬಿಚ್ಚುವ ಖರ್ಚಿಗಾಗಿ ಪ್ರತಿ ಯೂನಿಟ್ಟಿಗೆ 2 ಪೈಸೆಯಂತೆ ತೆಗೆದಿರಿಸುವ ಕ್ರಮ ಬಂದಿದೆ. ಅದು ವಿವೇಕದ ಕ್ರಮ. ಆದರೆ ಹಣದ ಗಂಟೊಂದೇ ಸಾಲದು. ಯಾವ ಕೊಳವೆಯಲ್ಲಿ ಏನು ಹರಿಯಿತು, ಯಾವ ಗುಂಡಿಯಲ್ಲಿ ಏನು ಹೂತಿದೆ, ಯಾರು ಎಷ್ಟು ದಿನ ದುಡಿದರು ಎಂಬ ಲೆಕ್ಕವು ಆರಂಭದ ದಿನದಿಂದಲೇ ಬರೆದಿರಬೇಕು. ರಹಸ್ಯವಾಗಿ ನಡೆಯುವ ಕೆಲಸದಲ್ಲಿ ಮೊದಲು ಕಳೆದುಹೋಗುವುದೇ ಈ ಲೆಕ್ಕ. ನೆಲ ಬಿಟ್ಟುಕೊಟ್ಟ ಹಳ್ಳಿಯವರಿಗೆ ಆ ನೆಲದ ಸ್ಥಿತಿಯನ್ನು ಕೇಳುವ ಹಕ್ಕೂ ಇರಬೇಕು.

ದುಡಿಮೆಯನ್ನೇ ಪೂಜೆಯೆಂದು ಬಗೆದ ಪರಂಪರೆ ನಮ್ಮದು. ಅಡುಗೆ ಮಾಡಿದ ಮೇಲೆ ಒಲೆ ಸಾರಿಸುವುದೂ, ಜಾತ್ರೆ ಮುಗಿದ ಮೇಲೆ ಬೀದಿ ಗುಡಿಸುವುದೂ ಕಾಯಕದೊಳಗೇ ಸೇರಿವೆ ಎಂದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಕೆಲಸ ಮುಗಿಯುವುದು ಫಲ ಕೈಸೇರಿದಾಗಲ್ಲ. ಇಟ್ಟ ಜಾಗವನ್ನು ಮುಂದಿನವರಿಗೆ ಒಪ್ಪವಾಗಿ ಒಪ್ಪಿಸಿದಾಗ. ನಮ್ಮ ಮಕ್ಕಳಲ್ಲಿ ಅನೇಕರು ಇಂದು ಇಂಜಿನಿಯರುಗಳು, ವಿಜ್ಞಾನಿಗಳು, ಅಧಿಕಾರಿಗಳು. ಹೊಸದೊಂದರ ನಕ್ಷೆ ಅವರ ಮೇಜಿನ ಮೇಲೆ ಬಂದಾಗ, ಇದನ್ನು ಬಿಚ್ಚುವ ನಕ್ಷೆ ಎಲ್ಲಿದೆ ಎಂದು ಅವರು ಕೇಳುವಂತಾಗಲಿ.