ಮೊಮ್ಮಗಳ ಬೈಕಿನ ಹಿಂದೆ ಮಾರಿಕಣಿವೆಗೆ

ದೀಪಾವಳಿಗೆ ಮೊಮ್ಮಗಳು ಬೆಂಗಳೂರಿನಿಂದ ಬೈಕಿನಲ್ಲಿ ಬಂದಳು. ಚಿತ್ರದುರ್ಗದ ನಮ್ಮ ಓಣಿಯಲ್ಲಿ ಅದನ್ನು ನಿಲ್ಲಿಸಿದ್ದೇ ತಡ, ಮಕ್ಕಳೆಲ್ಲ ಸುತ್ತುವರಿದರು. ಹಿಂದೆ ಯಾರಾದರೂ ಹೊಸ ಎಮ್ಮೆ ಕೊಂಡು ತಂದರೆ ಹೀಗೇ ಜನ ಸೇರುತ್ತಿದ್ದರು. ಎಮ್ಮೆಯ ಹೋಲಿಕೆ ಸುಮ್ಮನೆ ಕೊಟ್ಟಿದ್ದಲ್ಲ. ಅದು ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650. ತೂಕ 241 ಕೆ.ಜಿ.! ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಸರಿಯಾಗಿ ಒಂದೂವರೆ ಮೀಟರ್. ದೂರದ ಊರುಗಳಿಗೆ ಹೋಗಲೆಂದೇ ಮಾಡಿದ ಗಾಡಿ.

"ಅಜ್ಜ, ನಾಳೆ ಒಂದು ಸುತ್ತು ಹೋಗೋಣ. ಹೊಳಲ್ಕೆರೆ, ಹೊಸದುರ್ಗ, ಮಾರಿಕಣಿವೆ, ಹಿರಿಯೂರು. ನೀವು ಕೆಲಸ ಮಾಡಿದ ಊರುಗಳನ್ನೆಲ್ಲ ತೋರಿಸಿ" ಎಂದಳು.

ಅಡುಗೆಮನೆಯಲ್ಲಿ ನನ್ನ ಹೆಂಡತಿ ಚಕ್ಕುಲಿ ಒತ್ತುತ್ತಿದ್ದಳು. ಮಾರಿಕಣಿವೆ ಎಂದ ಕೂಡಲೇ ಅವಳ ಕೈ ಒಂದು ಕ್ಷಣ ನಿಂತಿತು. "ಹೆಲ್ಮೆಟ್ ಎರಡಿದೆಯಾ?" ಎಂದು ಕೇಳಿದಳು. ಮತ್ತೆ ಚಕ್ಕುಲಿ ಒತ್ತಿದಳು.

ಅದಕ್ಕೊಂದು ಹಿನ್ನೆಲೆ ಇದೆ. 1983ರಲ್ಲಿ ನಾನು ಹೊಸದುರ್ಗದಲ್ಲಿ ಬ್ಯಾಂಕ್ ಗುಮಾಸ್ತ. ನನ್ನಲ್ಲೊಂದು ಯೆಜ್ಡಿ ಇತ್ತು. ಯೆಜ್ಡಿ ನಮ್ಮ ಮೈಸೂರಿನದೇ ಗಾಡಿ ಎಂಬುದು ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಐಡಿಯಲ್ ಜಾವಾ ಎಂಬ ಕಾರ್ಖಾನೆ ಅಲ್ಲಿ 1961ರಲ್ಲಿ ಶುರುವಾಗಿ 1996ರವರೆಗೆ ನಡೆಯಿತು. ಆ ಗಾಡಿಯಲ್ಲಿ ಒಂದು ಚಮತ್ಕಾರವಿತ್ತು. ಸ್ಟಾರ್ಟ್ ಮಾಡಲು ಒದೆಯುವ ಕಿಕ್ಕರನ್ನೇ ಮಡಿಸಿದರೆ ಅದೇ ಗೇರ್ ಆಗುತ್ತಿತ್ತು. ಒಂದೇ ಸಲಾಕೆಗೆ ಎರಡು ನೌಕರಿ! ಒಂದು ಭಾನುವಾರ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಮಾರಿಕಣಿವೆ ನೋಡಲು ಹೊರಟೆ. ಕಣಿವೆ ಇನ್ನೇನು ಬಂತು ಎನ್ನುವಾಗ ಒಂದು ಬಲತಿರುವಿನಲ್ಲಿ ಗಾಡಿ ತಿರುಗಲಿಲ್ಲ. ನೆಟ್ಟಗೆ ಹೋಗಿ ಎಡಗಡೆಯ ಜಾಲಿ ಪೊದೆಗೆ ಬಿತ್ತು. ನನಗೆ ತರಚು ಗಾಯ. ಅವಳ ಎಡ ಮಣಿಕಟ್ಟು ಮುರಿಯಿತು. ಯಾವುದೋ ಲಾರಿಯವರು ಹಿರಿಯೂರಿಗೆ ಕರೆದೊಯ್ದರು. ಕಣಿವೆ ನೋಡುವುದು ಅಲ್ಲಿಗೇ ನಿಂತಿತು.

ಅವಳು ಆಮೇಲೆ ಎಂದೂ ಬೈಕ್ ಹತ್ತಲಿಲ್ಲ. ನಾನು ಮಾತ್ರ ಈ ಕಥೆಯನ್ನು ಬ್ಯಾಂಕಿನಲ್ಲಿ, ಮದುವೆಮನೆಗಳಲ್ಲಿ ನಲವತ್ತು ವರ್ಷ ಹೇಳಿದೆ. "ತಿರುವಿನಲ್ಲಿ ನಮ್ಮವಳು ಆ ಕಡೆ ವಾಲಿಬಿಟ್ಟಳು ಸ್ವಾಮಿ!" ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಬೆಳಿಗ್ಗೆ ಏಳಕ್ಕೆ ಹೊರಟೆವು. ಹತ್ತುವ ಮೊದಲು ಮೊಮ್ಮಗಳು ನನಗೆ ಪಾಠ ಮಾಡಿದಳು. "ಅಜ್ಜ, ರಾಗಿ ಚೀಲದ ಹಾಗೆ ಕೂತಿರಿ. ನೀವಾಗಿ ಯಾವ ಕಡೆಗೂ ವಾಲಬೇಡಿ. ಎಡತಿರುವು ಬಂದರೆ ನನ್ನ ಎಡ ಭುಜದ ಮೇಲಿಂದ ನೋಡಿ, ಬಲತಿರುವು ಬಂದರೆ ಬಲ ಭುಜದ ಮೇಲಿಂದ. ಅಷ್ಟು ಮಾಡಿದರೆ ಮೈ ತಾನಾಗಿ ಗಾಡಿಯ ಜೊತೆ ಬರುತ್ತೆ." ಎಪ್ಪತ್ನಾಲ್ಕರ ನನಗೆ ಇಪ್ಪತ್ತೈದರವಳ ಪಾಠ. ತಲೆಯಾಡಿಸಿದೆ.

ಹೊಳಲ್ಕೆರೆಯ ದಾರಿ ಶಿವಮೊಗ್ಗದ ಕಡೆಯ ಹೆದ್ದಾರಿ. ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿದ್ದವು. ಉದ್ದನೆಯ, ಅಗಲವಾದ ತಿರುವುಗಳಲ್ಲಿ ಆ ಭಾರದ ಗಾಡಿ ರೈಲಿನ ಹಾಗೆ ಹೋಗುತ್ತಿತ್ತು. ಒಮ್ಮೆ ವಾಲಿತೆಂದರೆ ಅಲುಗಾಡದೆ ಅದೇ ವಾಲಿನಲ್ಲಿ ಸಾಗುತ್ತಿತ್ತು. ನನ್ನ ಯೆಜ್ಡಿಯಾಗಿದ್ದರೆ ಪ್ರತಿ ಗುಂಡಿಗೂ ತಲೆ ಒದರುತ್ತಿತ್ತು.

ಹೊಳಲ್ಕೆರೆಯಲ್ಲಿ ಬಯಲು ಗಣಪನಿಗೆ ಕೈಮುಗಿದೆವು. ಆಮೇಲೆ ಊರೊಳಗೆ ಗಾಡಿ ಹಿಂದಕ್ಕೆ ತಿರುಗಿಸಬೇಕಾಯಿತು ನೋಡಿ, ಆಗ ಎಮ್ಮೆಯ ನಿಜಗುಣ ಗೊತ್ತಾಯಿತು. ಹೆದ್ದಾರಿಯ ರಾಜ ಸಂದಿಯಲ್ಲಿ ಮಗುವಿಗಿಂತ ಕಡೆ. ಮೊಮ್ಮಗಳು ಕಾಲೂರಿ ತಳ್ಳುತ್ತ, ಮುಂದೆ ಒಂದು ಅಡಿ, ಹಿಂದೆ ಒಂದು ಅಡಿ ಎಂದು ಬೆವರಿಳಿಸಿದಳು. ನಾನು ಇಳಿದು ಹಿಂದಿನಿಂದ ಎಳೆದೆ. ತರಕಾರಿ ಗಾಡಿಯವನು ಬಂದು ಕೈಹಚ್ಚಿದ. ಜಪಾನಿನ ಹೊಂಡಾದವರ ಗೋಲ್ಡ್ ವಿಂಗ್ ಎಂಬ ಬೈಕಿಗೆ ಹಿಂದಕ್ಕೆ ಹೋಗಲೂ ಗೇರ್ ಕೊಟ್ಟಿದ್ದಾರಂತೆ. ಅದು ಆರು ಸಿಲಿಂಡರಿನದು, ಇದಕ್ಕಿಂತಲೂ ನೂರಕ್ಕೂ ಹೆಚ್ಚು ಕಿಲೋ ಭಾರ. ಕೊಡದೆ ಏನು ಮಾಡುತ್ತಾರೆ!

ಅಲ್ಲೇ ಚಹಾ ಕುಡಿಯುತ್ತ ಕೇಳಿದೆ: "ಇಷ್ಟು ಭಾರದ್ದನ್ನು ತಿರುವಿನಲ್ಲಿ ತಿರುಗಿಸಲು ಎಷ್ಟು ಶಕ್ತಿ ಬೇಕು?"

"ಶಕ್ತಿ ಬೇಡ ಅಜ್ಜ. ಎಡಕ್ಕೆ ಹೋಗಬೇಕಾದರೆ ಎಡಗಡೆ ಹ್ಯಾಂಡಲನ್ನು ಮೆಲ್ಲಗೆ ಮುಂದಕ್ಕೆ ದೂಡ್ತೀನಿ."

"ಮುಂದಕ್ಕೆ ದೂಡಿದರೆ ಚಕ್ರ ಬಲಕ್ಕೆ ತಿರುಗುತ್ತಲ್ಲೇ?"

"ಹೌದು. ಚಕ್ರ ಒಂದು ಕ್ಷಣ ಬಲಕ್ಕೆ ತಿರುಗಿದರೆ ಗಾಡಿ ಎಡಕ್ಕೆ ವಾಲುತ್ತೆ. ವಾಲಿದ ಕಡೆಗೇ ಹೋಗುತ್ತೆ."

ನಾನು ನಂಬಲಿಲ್ಲ. ಆಗ ಅವಳು ರೈಟ್ ಸಹೋದರರ ವಿಷಯ ಹೇಳಿದಳು. 1903ರಲ್ಲಿ ವಿಮಾನ ಹಾರಿಸಿದ ಆ ಅಣ್ಣತಮ್ಮಂದಿರು ಮೊದಲು ಸೈಕಲ್ ಅಂಗಡಿ ಇಟ್ಟಿದ್ದವರು. ಅಣ್ಣ ವಿಲ್ಬರ್ ಅನೇಕ ಸೈಕಲ್ ಸವಾರರನ್ನು 'ನೀವು ಎಡಕ್ಕೆ ಹೇಗೆ ತಿರುಗುತ್ತೀರಿ?' ಎಂದು ಕೇಳಿದನಂತೆ. ಎಲ್ಲರೂ 'ಹ್ಯಾಂಡಲನ್ನು ಎಡಕ್ಕೆ ತಿರುಗಿಸುತ್ತೇವೆ' ಎಂದರು. ಆದರೆ ಅವರು ಮೊದಲು ಒಂದಿಷ್ಟು ಬಲಕ್ಕೆ ತಿರುಗಿಸಿಯೇ ಎಡಕ್ಕೆ ವಾಲುವುದನ್ನು ವಿಲ್ಬರ್ ಕಂಡುಕೊಂಡ. ಮಾಡುವುದು ಒಂದು, ಮಾಡುತ್ತೇವೆ ಎಂದು ತಿಳಿದಿರುವುದು ಇನ್ನೊಂದು. ಮಕ್ಕಳೇ, ಖಾಲಿ ಮೈದಾನದಲ್ಲಿ, ದೊಡ್ಡವರೊಬ್ಬರು ಜೊತೆಗಿರುವಾಗ, ಸೈಕಲ್ ಸ್ವಲ್ಪ ವೇಗವಾಗಿ ಓಡುತ್ತಿದ್ದಾಗ ಎಡ ಹಿಡಿಯನ್ನು ಒಂದೇ ಬೆರಳಿನಲ್ಲಿ ಮೆಲ್ಲಗೆ ಮುಂದಕ್ಕೆ ಒತ್ತಿ ನೋಡಿ. ಯಾವ ಕಡೆಗೆ ಹೋಗುತ್ತದೆಂದು ನೀವೇ ಕಾಣುವಿರಿ.

ಎಷ್ಟು ವಾಲಬೇಕು ಎಂಬುದಕ್ಕೂ ಲೆಕ್ಕವಿದೆ. ನಾನು ಬಿ.ಕಾಂ. ಓದಿದವನು, ಲೆಕ್ಕ ಎಂದರೆ ಕಿವಿ ನೆಟ್ಟಗಾಗುತ್ತದೆ. ತಿರುವು 30 ಮೀಟರ್ ತ್ರಿಜ್ಯದ ವೃತ್ತದ ತುಂಡು ಎಂದುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋದರೆ ಬೈಕು ಸುಮಾರು 23 ಡಿಗ್ರಿ ವಾಲಬೇಕು. 50ಕ್ಕೆ 33 ಡಿಗ್ರಿ. 60ಕ್ಕೆ 43 ಡಿಗ್ರಿ! ಇಂಥ ತಗ್ಗಿನ ಉದ್ದ ಗಾಡಿಗಳು ಅಷ್ಟು ವಾಲುವ ಮೊದಲೇ ಕಾಲಿಡುವ ಜಾಗ ರಸ್ತೆಗೆ ಕೆರೆಯುತ್ತದೆ. ವೇಗ ಒಂದೂವರೆ ಪಟ್ಟಾದರೆ ಹೊರಗೆಳೆಯುವ ಸೆಳೆತ ಎರಡೂಕಾಲು ಪಟ್ಟಾಗುತ್ತದೆ. ಸರಳಬಡ್ಡಿ ಎಂದು ಸಾಲ ತೆಗೆದುಕೊಂಡವನ ಮನೆಗೆ ಚಕ್ರಬಡ್ಡಿಯ ನೋಟೀಸು ಬಂದ ಹಾಗೆ. ಇನ್ನೊಂದು ಸೋಜಿಗವೆಂದರೆ ಈ ಲೆಕ್ಕದಲ್ಲಿ ತೂಕದ ಮಾತೇ ಇಲ್ಲ. ಅದೇ ತಿರುವು, ಅದೇ ವೇಗವಾದರೆ ಸೈಕಲ್ಲೂ ಅಷ್ಟೇ ವಾಲಬೇಕು, ಈ ಎಮ್ಮೆಯೂ ಅಷ್ಟೇ ವಾಲಬೇಕು. ವ್ಯತ್ಯಾಸವೇನೆಂದರೆ ಸೈಕಲ್ ಥಟ್ಟನೆ ವಾಲುತ್ತದೆ, ಥಟ್ಟನೆ ಏಳುತ್ತದೆ. ಭಾರದ ಉದ್ದ ಗಾಡಿಗೆ ಮುಂಚೆಯೇ ತಿಳಿಸಬೇಕು. ತಿರುವಿನ ನಡುವೆ ಮನಸ್ಸು ಬದಲಿಸಿದರೆ ಅದು ಒಪ್ಪುವುದಿಲ್ಲ.

ಹೊಸದುರ್ಗದಲ್ಲಿ ನನ್ನ ಹಳೇ ಬ್ಯಾಂಕಿದ್ದ ಕಟ್ಟಡದಲ್ಲಿ ಈಗ ಮೊಬೈಲ್ ಅಂಗಡಿ. ಹೆಚ್ಚು ಹೊತ್ತು ನಿಲ್ಲಲಿಲ್ಲ. ಒಂದೊಂದು ಎಳನೀರು ಕುಡಿದು ಹೊರಟೆವು.

ಅಲ್ಲಿಂದ ಮುಂದಿನದು ಹಳ್ಳಿಗಳ ದಾರಿ. ತೆಂಗಿನ ತೋಟಗಳು, ಕುರಿ ಹಿಂಡುಗಳು. ಒಂದು ಕಡೆ ತಿರುವಿನಲ್ಲೇ ರಾಗಿ ತೆನೆ ಹರವಿದ್ದರು, ವಾಹನಗಳು ತುಳಿದು ಒಕ್ಕಣೆಯಾಗಲಿ ಎಂದು. ರೈತರ ಕಷ್ಟ ನನಗೆ ಗೊತ್ತು, ಆದರೆ ಎರಡು ಚಕ್ರದವನಿಗೆ ಅದು ಗೋಲಿ ಹರಡಿದ ನೆಲ. ಮೊಮ್ಮಗಳು ಬೈಕನ್ನು ನೆಟ್ಟಗೆ ನಿಲ್ಲಿಸಿಕೊಂಡು, ನಡಿಗೆಯ ವೇಗದಲ್ಲಿ ದಾಟಿದಳು. ಅಷ್ಟು ದೂರದಿಂದಲೇ ನಿನಗೆ ಹೇಗೆ ತಿಳಿಯಿತು ಎಂದು ಕೇಳಿದೆ. ಅವಳು ಚಕ್ರದ ಮುಂದೆ ನೋಡುವುದೇ ಇಲ್ಲವಂತೆ. ರಸ್ತೆಯ ಎಡ ಅಂಚು, ಬಲ ಅಂಚು ದೂರದಲ್ಲಿ ಒಂದಾದ ಹಾಗೆ ಕಾಣುವ ಜಾಗವಿರುತ್ತದಲ್ಲ, ಅದನ್ನು ನೋಡುತ್ತಾಳಂತೆ. ಆ ಜಾಗ ನಮ್ಮಿಂದ ದೂರ ಸರಿಯುತ್ತಿದ್ದರೆ ತಿರುವು ಬಿಚ್ಚಿಕೊಳ್ಳುತ್ತಿದೆ ಎಂದರ್ಥ. ನಮ್ಮ ಕಡೆಗೇ ಓಡಿ ಬರುತ್ತಿದ್ದರೆ ತಿರುವು ಬಿಗಿಯಾಗುತ್ತಿದೆ, ಈಗಲೇ ವೇಗ ಇಳಿಸು ಎಂದರ್ಥ.

ಮಾರಿಕಣಿವೆಯ ಗುಡ್ಡಗಳು ಕಂಡವು. ರಸ್ತೆ ಅತ್ತಿತ್ತ ಬಳುಕತೊಡಗಿತು. ಪ್ರತಿ ತಿರುವಿಗೂ ಮೊದಲು ಅವಳು ಬ್ರೇಕು ಹಿಡಿದು, ಗೇರ್ ಇಳಿಸಿ, ನೆಟ್ಟಗಿರುವಾಗಲೇ ವೇಗ ಕಳೆದುಕೊಳ್ಳುತ್ತಿದ್ದಳು. ತಿರುವಿನೊಳಗೆ ಬ್ರೇಕೇ ಇಲ್ಲ. ಎಕ್ಸಲರೇಟರನ್ನು ಎಳೆನೂಲಿನಷ್ಟು ಹಿಡಿದುಕೊಂಡು ಆಚೆಗೆ ದಾಟಿಸುತ್ತಿದ್ದಳು. ನಾನು ಹೇಳಿದ ಪ್ರಕಾರ ಭುಜದ ಮೇಲಿಂದ ನೋಡುತ್ತ ಕೂತೆ. ಅಷ್ಟರಲ್ಲಿ ಆ ತಿರುವು ಬಂತು. ನಲವತ್ತು ವರ್ಷವಾದರೂ ಗುರುತು ಸಿಕ್ಕಿತು.

"ನಿಲ್ಲಿಸು" ಎಂದೆ.

ಪೊದೆ ಈಗಲೂ ಇತ್ತು. ಆವತ್ತಿನದನ್ನು ಪೂರ್ತಿ ಹೇಳಿದೆ. ಅವಳು ಕೇಳಿದ್ದು ಒಂದೇ: "ಬ್ರೇಕು ಎಲ್ಲಿ ಹಿಡಿದಿರಿ ಅಜ್ಜ?"

ತಿರುವಿನ ಒಳಗೆ ಬಂದ ಮೇಲೆ ಹಿಡಿದಿದ್ದೆ. ಜೋರಾಗಿ ಬಂದಿದ್ದೆ, ಹೆದರಿ ಎರಡೂ ಬ್ರೇಕು ಒತ್ತಿದ್ದೆ. ವಾಲಿದ ಬೈಕಿಗೆ ಮುಂದಿನ ಬ್ರೇಕು ಹಿಡಿದರೆ ಅದು ಎದ್ದು ನಿಂತು ನೆಟ್ಟಗೆ ಓಡಲು ನೋಡುತ್ತದೆ ಎಂದು ಅವಳು ವಿವರಿಸಿದಳು. ಟೈರಿನ ಹಿಡಿತ ಖಾತೆಯಲ್ಲಿರುವ ಹಣದ ಹಾಗೆ. ತಿರುವಿಗೆ ಅದರಿಂದಲೇ ತೆಗೆಯಬೇಕು, ಬ್ರೇಕಿಗೂ ಅದರಿಂದಲೇ. ಎರಡೂ ಚೆಕ್ಕು ಒಟ್ಟಿಗೆ ಬಂದರೆ ಖಾತೆಯಲ್ಲಿ ಹಣವಿರುವುದಿಲ್ಲ. ಈ ಹೋಲಿಕೆ ನನ್ನದು. ಇಷ್ಟು ವರ್ಷ ಬೇರೆಯವರ ಚೆಕ್ಕು ವಾಪಸು ಕಳಿಸಿದವನಿಗೆ ತನ್ನದು ಕಾಣಲಿಲ್ಲ.

"ಆದರೂ ನಿಮ್ಮಜ್ಜಿ ಆ ಕಡೆ ವಾಲಿದಳು" ಎಂದೆ. ಬಿಡಲು ಮನಸ್ಸಿರಲಿಲ್ಲ.

"ಅಜ್ಜಿ ಹೇಗೆ ಕೂತಿದ್ದರು?"

ಸೀರೆ ಉಟ್ಟವಳು, ಎರಡೂ ಕಾಲು ಎಡಗಡೆ ಹಾಕಿ ಕೂತಿದ್ದಳು. ಹಾಗೆಂದು ಹೇಳುವಾಗಲೇ ನನ್ನ ಬಾಯಿ ಕಟ್ಟಿತು. ನಾನು ಈಗಷ್ಟೇ ಆ ತಿರುವನ್ನು ಮೊಮ್ಮಗಳ ಬಲ ಭುಜದ ಮೇಲಿಂದ ನೋಡಿದ್ದೆ. ಎಡಕ್ಕೆ ಮುಖ ಮಾಡಿ ಕೂತವಳಿಗೆ ಬಲತಿರುವು ಇರುವುದು ಬೆನ್ನ ಹಿಂದೆ. ಅವಳಿಗೆ ತಿರುವು ಬಂದದ್ದೇ ಕಂಡಿರಲಿಲ್ಲ. ಹಿಡಿದುಕೊಳ್ಳಲು ಇದ್ದದ್ದು ನನ್ನ ಸೊಂಟ ಒಂದೇ. ವಾಲಿದ್ದಳೋ ಇಲ್ಲವೋ, ವಾಲಿದ್ದರೂ ಅದೊಂದು ತೂಗಾಟ. ಗಾಡಿಯನ್ನು ಪೊದೆಗೆ ಕರೆದೊಯ್ದವನು ನಾನು.

ಮೊಮ್ಮಗಳು ನೀರಿನ ಬಾಟಲಿ ಕೊಟ್ಟಳು. ಸ್ವಲ್ಪ ಹೊತ್ತು ಅಲ್ಲೇ ಕಲ್ಲಿನ ಮೇಲೆ ಕೂತಿದ್ದೆ.

ಕಣಿವೆ ಮಾರಮ್ಮನಿಗೆ ಹಣ್ಣುಕಾಯಿ ಮಾಡಿಸಿ ಕಟ್ಟೆಯ ಮೇಲೆ ನೋಡಿದೆವು. ಎರಡು ಗುಡ್ಡಗಳ ನಡುವಿನ ಸಂದಿಯನ್ನು ಕಲ್ಲುಗಾರೆಯಿಂದ ಮುಚ್ಚಿ ವೇದಾವತಿಯನ್ನು ನಿಲ್ಲಿಸಿದ್ದಾರೆ. 1898ರಲ್ಲಿ ಶುರುಮಾಡಿ 1907ರಲ್ಲಿ ಮುಗಿಸಿದ ಕೆಲಸ. ಮಹಾರಾಣಿ ವಾಣಿವಿಲಾಸ ಸನ್ನಿಧಾನದ ಹೆಸರಿನಲ್ಲಿ ವಾಣಿವಿಲಾಸ ಸಾಗರ ಎಂದಾಯಿತು, ನಮ್ಮ ಜನ ಮಾರಿಕಣಿವೆ ಎಂದೇ ಕರೆದರು. 130 ಅಡಿಗೆ ಕೋಡಿ ಬೀಳುತ್ತದೆ. 1933ರಲ್ಲಿ ಬಿದ್ದ ಕೋಡಿ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಆಗ ಜಿಲ್ಲೆಗೆ ಜಿಲ್ಲೆಯೇ ಬಂದು ನೋಡಿತು. ನಮ್ಮ ಮನೆಯಾಕೆ ಮಂಡಿನೋವು ಎಂದು ಬರಲಿಲ್ಲ.

ಹಿರಿಯೂರಿನಿಂದ ಚಿತ್ರದುರ್ಗದವರೆಗಿನ ಹೆದ್ದಾರಿಯ ಬಗ್ಗೆ ಬರೆಯಲು ಏನೂ ಇಲ್ಲ. ನೆಟ್ಟಗಿದೆ. ನನಗೆ ನಿದ್ದೆ ಬರುವಂತಿತ್ತು, ಮೊಮ್ಮಗಳು ಎರಡು ಸಲ ಕೂಗಿ ಎಬ್ಬಿಸಿದಳು.

ರಾತ್ರಿ ಊಟದ ನಂತರ ಹೆಂಡತಿ ಎಡಗೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಚಳಿ ಶುರುವಾದರೆ ಆ ಮಣಿಕಟ್ಟು ಈಗಲೂ ನೋಯುತ್ತದೆ. "ಆವತ್ತು ನೀನು ವಾಲಿದ್ದರಿಂದ ಬಿದ್ದದ್ದಲ್ಲ ಕಣೇ. ಬ್ರೇಕು ಹಿಡಿದದ್ದು ನಂದೇ ತಪ್ಪು" ಎಂದೆ. ಎಣ್ಣೆ ತಿಕ್ಕುವುದು ನಿಲ್ಲಿಸಲಿಲ್ಲ. ನನಗೆ ಕೇಳಿಸಿತೋ ಇಲ್ಲವೋ ಎಂಬ ಅನುಮಾನವಾಗುವಷ್ಟು ಹೊತ್ತು ಸುಮ್ಮನಿದ್ದಳು.

"ನೀರು ಎಷ್ಟಿದೆ?" ಎಂದಳು.

"ತುಂಬಿದೆ ಅಂತಲೇ ಇಟ್ಟುಕೋ. ಕಟ್ಟೆ ಮೇಲೆ ನಿಂತರೆ ಆಚೆ ದಡ ಕಾಣಲ್ಲ."

ಎಣ್ಣೆ ಬಟ್ಟಲಿಗೆ ಮುಚ್ಚಳ ಹಾಕಿದಳು. "ಮುಂದಿನ ವಾರ ಹೋಗಿ ಬರೋಣ. ಬಸ್ಸಿನಲ್ಲಿ" ಎಂದಳು.